ಮೆಟ್ಟಿಲಿಳಿದು ನೀರು ಕಂಡ ನಗರ

ನಗರವಾಸಿಗೂ ನಿಸರ್ಗಕ್ಕೂ ಇದ್ದ ನಂಟು ಎಲ್ಲಿ ಕಡಿಯಿತೆಂದು ಕೇಳಿದರೆ ನಾವು ಸಾಮಾನ್ಯವಾಗಿ ಉಳಿದ ಮರಗಳನ್ನೆಣಿಸಿ ಉತ್ತರ ಹೇಳುತ್ತೇವೆ. ನನಗಾದರೋ ಅದು ಕಡಿದದ್ದು ನೀರಿನ ದಂಡೆಯಲ್ಲಿ ಎಂದು ತೋರುತ್ತದೆ. ವಿಜಯಪುರದ ಚರಿತ್ರೆ ಈ ಮಾತಿಗೆ ಸಾಕ್ಷಿ.

ಸಿಂದಗಿ ತಾಲೂಕಿನ ಯಂಕಂಚಿಯಂಥ ಹಳ್ಳಿಗಳಿಂದ ಈ ಜಿಲ್ಲಾ ಕೇಂದ್ರಕ್ಕೆ ಬರುವವರು ದಾಟುವುದು ಬಯಲು ಸೀಮೆಯನ್ನು. ವರ್ಷದ ಮಳೆ ಸುಮಾರು 600 ಮಿಲಿಮೀಟರು, ಅದೂ ನೆಚ್ಚುವಂಥದಲ್ಲ. ಭೀಮೆ ಉತ್ತರಕ್ಕೆ, ಕೃಷ್ಣೆ ದಕ್ಷಿಣಕ್ಕೆ; ನಗರಕ್ಕೆ ಎರಡೂ ದೂರ. ಇಂಥ ನೆಲದಲ್ಲಿ ಆದಿಲಶಾಹಿ ಅರಸರು ರಾಜಧಾನಿಯನ್ನು ಬೆಳೆಸಿದರು.

1565ರಲ್ಲಿ ವಿಜಯನಗರದ ಪತನವಾದ ಮೇಲೆ ಇಲ್ಲಿ ಜನವಸತಿ ಹೆಚ್ಚಿತು. ಮೊದಲನೆಯ ಅಲಿ ಆದಿಲಶಾಹನು 1579ರಲ್ಲಿ ಚಾಂದ್ ಬಾವಡಿಯನ್ನು ಕಟ್ಟಿಸಿದನು. ಎರಡನೆಯ ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ತಾಜ್ ಬಾವಡಿ ಎದ್ದಿತು. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗವೊಂದು ನೀರನ್ನು ಕೋಟೆಯತ್ತ ತಂದಿತು. 1651ರಲ್ಲಿ ಮುಹಮ್ಮದ್ ಆದಿಲಶಾಹನು ನಗರದ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ಮಣ್ಣಿನ ಕೊಳವೆಗಳ ಮೂಲಕ ನೀರು ಊರೊಳಕ್ಕೆ ಹರಿಯುತ್ತಿತ್ತು. ಒತ್ತಡದಿಂದ ಕೊಳವೆ ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ನೀರು ಗೋಪುರದೊಳಗೆ ಏರಿ, ರಭಸ ಕಳೆದುಕೊಂಡು, ರಾಡಿಯನ್ನು ತಳಕ್ಕಿಳಿಸಿ ಮುಂದೆ ಸಾಗುತ್ತಿತ್ತು.

ಈ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಅದರ ಜಾಣ್ಮೆಗಿಂತ ಅದರ ಬಯಲುತನ. ತಾಜ್ ಬಾವಡಿಯ ಬಾಗಿಲು ಅರಮನೆಯ ಬಾಗಿಲಿನಷ್ಟೇ ಭವ್ಯ. ಅದರ ಕಮಾನಿನ ಅಗಲ ಸುಮಾರು 35 ಅಡಿ. ಒಳಗೆ ದಾರಿಹೋಕರು ತಂಗಲು ಕೋಣೆಗಳು, ನೀರಿನವರೆಗೆ ಮೆಟ್ಟಿಲುಗಳು. ಬೇಸಗೆ ಬಲಿತಂತೆ ಇಳಿಯಬೇಕಾದ ಮೆಟ್ಟಿಲುಗಳೂ ಹೆಚ್ಚುತ್ತವೆ. ಮಳೆ ಎಷ್ಟು ಕಡಿಮೆಯಾಯಿತೆಂದು ಅಂದಿನ ನಾಗರಿಕನಿಗೆ ಅವನ ಕಾಲುಗಳೇ ಹೇಳುತ್ತಿದ್ದಿರಬೇಕು.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದನು. ರಾಜ್ಯ ಅಳಿಯಿತು, ಬಾವಡಿಗಳು ಉಳಿದವು. ಅವುಗಳಿಗೆ ನಿಜವಾದ ಕೇಡು ಬಂದದ್ದು ನಾವು ಅವನ್ನು ಮರೆತಾಗ. ಕೃಷ್ಣೆಯ ನೀರು ನಳದಲ್ಲಿ ಮನೆಯೊಳಕ್ಕೇ ಬರತೊಡಗಿದ ಮೇಲೆ ಬಾವಿ ಕಸದ ಗುಂಡಿಯಾಯಿತು. ತಾಜ್ ಬಾವಡಿಯಲ್ಲಿ ಗಣಪತಿಯ ಮೂರ್ತಿಗಳು ಮುಳುಗಿದವು. ನಳವನ್ನು ನಾನು ಹಳಿಯುತ್ತಿಲ್ಲ. ಕೊಡ ಹೊತ್ತು ಮೆಟ್ಟಿಲೇರಿದ ಹೆಂಗಸರ ದಣಿವನ್ನು ಮರೆತು ಹಿಂದಿನ ಕಾಲವನ್ನು ಹೊಗಳುವುದು ಸುಲಭ, ಆದರೆ ನ್ಯಾಯವಲ್ಲ. ಆ ಭಾರ ಇಳಿದದ್ದು ಒಳ್ಳೆಯದೇ. ಅದರೊಂದಿಗೆ ನೀರಿನ ಮೇಲಿನ ಕಣ್ಣೂ ತಪ್ಪಿತೆಂಬುದು ನನ್ನ ವ್ಯಥೆ.

2010ರ ದಶಕದಲ್ಲಿ ತಾಜ್ ಬಾವಡಿಯ ಹೂಳನ್ನೂ ನಗರದ ಇತರ ಹಳೆಯ ಬಾವಿಗಳ ಹೂಳನ್ನೂ ತೆಗೆಸಲಾಯಿತು. ಅದು ಸ್ತುತ್ಯ ಕಾರ್ಯ. ಆದರೆ ಹೂಳು ತೆಗೆದ ಬಾವಿಯನ್ನು ಬಳಸುವವರಿಲ್ಲದಿದ್ದರೆ ಅದು ಮತ್ತೆ ತುಂಬುವುದು ಕಸದಿಂದಲೇ. ಕುಡಿಯಲು ಬೇಡ, ಬೀದಿಯ ಗಿಡಗಳಿಗೆ, ಉದ್ಯಾನಗಳಿಗೆ, ಕಟ್ಟಡದ ಕೆಲಸಕ್ಕೆ ಆ ನೀರು ಸಲ್ಲಲಿ. ಪ್ರತಿ ಓಣಿಯವರೂ ತಮ್ಮ ಬಾವಿಯ ನೀರು ಈ ವರ್ಷ ಎಷ್ಟನೆಯ ಮೆಟ್ಟಿಲಲ್ಲಿದೆ ಎಂದು ಹೇಳಬಲ್ಲವರಾಗಲಿ. ಪರಿಸರ ರಕ್ಷಣೆಯೆಂಬ ದೊಡ್ಡ ಮಾತು ನಗರದಲ್ಲಿ ಮೊದಲಾಗಬೇಕಾದದ್ದು ಇಷ್ಟು ಚಿಕ್ಕ ತಿಳಿವಳಿಕೆಯಿಂದ ಎಂದು ನಾನು ನಂಬಿದ್ದೇನೆ.