ಕೇರಾಫ್ ಇಲ್ಲದ ವಿಳಾಸ

ಬೊಂಬಾಯಿಯ ಹೋಟೆಲಿನಲ್ಲಿದ್ದ ಚಿಕ್ಕಪ್ಪ ನಮ್ಮ ಅಜ್ಜಿಗೆ ಕಳಿಸುತ್ತಿದ್ದ ಮನಿಯಾರ್ಡರಿನ ಮೇಲೆ ಅವಳ ಹೆಸರಿನ ಕೆಳಗೆ ಕೇರಾಫ್ ಎಂದು ಅಜ್ಜನ ಹೆಸರು ತಪ್ಪದೆ ಇರುತ್ತಿತ್ತು. ಅಜ್ಜ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದರೂ ಅಂಚೆಯ ಪಾಲಿಗೆ ಅವರು ಬದುಕೇ ಇದ್ದರು. ಅಂಚೆಯಣ್ಣ ಜಗಲಿಯ ಮೇಲೆ ಕುಳಿತು ನೋಟು ಎಣಿಸುತ್ತಿದ್ದ. ಅಜ್ಜಿಗೆ ಓದು ಬರಹ ಬಾರದು, ಹೆಬ್ಬೆಟ್ಟು ಒತ್ತಬೇಕು, ಅದಕ್ಕೊಬ್ಬ ಸಾಕ್ಷಿ ಬೇಕು. ಸಾಕ್ಷಿ ಹಾಕಲು ಬರುತ್ತಿದ್ದವರು ಪಕ್ಕದ ದಿನಸಿ ಅಂಗಡಿಯವರು. ಅಜ್ಜಿಯ ಸಾಲದ ಲೆಕ್ಕವಿದ್ದದ್ದೂ ಅವರ ಪುಸ್ತಕದಲ್ಲೇ! ಹಣ ಬಂದದ್ದನ್ನು ಕಣ್ಣಾರೆ ಕಂಡವರು ಬಾಕಿ ಕೇಳದೆ ಎದ್ದು ಹೋಗುತ್ತಾರೆಯೇ? ಮಗ ಕಳಿಸಿದ ನೋಟನ್ನು ಅಜ್ಜಿ ಒಂದು ರಾತ್ರಿಯಾದರೂ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದನ್ನು ನಾನು ಕಂಡದ್ದು ಕಡಿಮೆ.

ನಮ್ಮ ದೇಶದ ಅಂಚೆ ಇಲಾಖೆ ಮನಿಯಾರ್ಡರು ಶುರುಮಾಡಿದ್ದು 1880ರಲ್ಲಿ. ಹಣ ಸರಿಯಾದ ಕೈಗೆ ಸೇರಲು ಹೆಸರು, ಊರು, ಅಂಚೆಯಣ್ಣನ ನೆನಪು, ಇಷ್ಟೇ ಆಧಾರ. ಒಂದೇ ಹೆಸರಿನ ಊರುಗಳ ಗೊಂದಲ ತಪ್ಪಿಸಲು ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ಉಳಿತಾಯ ತಂದಾಗಲೂ ದಿನಕ್ಕೆ ಎರಡಾಣೆ ವಸೂಲಿ ಮಾಡಲು ಏಜೆಂಟರು ಮನೆಬಾಗಿಲಿಗೇ ಬರುತ್ತಿದ್ದರು. ಅಲ್ಲಿಯೂ ಮುಖವೇ ಗುರುತು.

ಆಮೇಲೆ ಬಂತು ನೋಡಿ ಅಂಕಿಗಳ ಕಾಲ. ಚೆಕ್ಕಿನ ಕೆಳಗೆ ಒಂಬತ್ತು ಅಂಕಿ: ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ. 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ ಬಂದ ಮೇಲೆ ಡಿ.ಡಿ. ತೆಗೆಸಲು ಸಾಲಿನಲ್ಲಿ ನಿಲ್ಲುವುದೇನೋ ತಪ್ಪಿತು. ಆದರೆ ಕಳಿಸುವವರಿಗೆ ಹನ್ನೊಂದು ಅಕ್ಷರಗಳ ಐಎಫ್‌ಎಸ್ ಕೋಡೂ ಉದ್ದದ ಖಾತೆ ಸಂಖ್ಯೆಯೂ ಬೇಕು. ನಾನು ತಂಗಿಯ ಮಗಳ ಹಾಸ್ಟೆಲ್ ಫೀಸಿಗೆಂದು 18,000 ರೂಪಾಯಿ ಕಳಿಸುವಾಗ ನಡುವಿನ ಒಂದು ಅಂಕಿ ತಪ್ಪಿ ಬರೆದೆ. ಹೆಸರನ್ನು ಮುತ್ತಿನಂತೆ ಬರೆದಿದ್ದೆ, ಆದರೆ ಆ ವ್ಯವಸ್ಥೆಯಲ್ಲಿ ಹಣ ಜಮಾ ಆಗುವುದು ಸಂಖ್ಯೆಯ ಮೇಲೆ ಮಾತ್ರ. ಯಾರೋ ಪುಣ್ಯಾತ್ಮರ ಖಾತೆಗೆ ಹೋದ ಹಣ ಅವರು ಒಪ್ಪಿಗೆ ಕೊಟ್ಟು ಮರಳಿ ಬರುವಷ್ಟರಲ್ಲಿ ಎರಡು ತಿಂಗಳಾಗಿತ್ತು. ತಪ್ಪು ನನ್ನದೇ, ಬ್ಯಾಂಕಿನವರನ್ನು ದೂರುವಂತಿರಲಿಲ್ಲ. ಆ ಎರಡು ತಿಂಗಳು ಮನೆಯವರ ಮುಂದೆ ನಾನು ಲೆಕ್ಕದ ವಿಷಯವನ್ನೇ ಎತ್ತಲಿಲ್ಲ ಅನ್ನಿ.

ಇನ್ನೊಂದು ತೊಡಕು ಬ್ಯಾಂಕುಗಳು ಒಂದರಲ್ಲೊಂದು ಸೇರಿದಾಗ ಗೊತ್ತಾಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಹೆಸರು ಕಳೆದುಕೊಂಡವು. ತವರುಮನೆ ಮಾರಿಹೋದಂತೆ ನಮ್ಮ ಕರಾವಳಿಯವರಿಗೆ ಸಂಕಟ. ಅದರ ಜೊತೆಗೆ ಹಳೆಯ ಐಎಫ್‌ಎಸ್ ಕೋಡುಗಳೂ ಹೋದವು. ಡೈರಿಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಬರೆಯಬೇಕಾಯಿತು.

ಅಷ್ಟರಲ್ಲಿ ಯುಪಿಐ ಬಂದಿತ್ತು. ಅದಕ್ಕೂ ಮೊದಲು, 2010ರಲ್ಲಿ, ಮೊಬೈಲಿನಿಂದ ತಕ್ಷಣ ಹಣ ಕಳಿಸುವ ಐಎಂಪಿಎಸ್ ಇತ್ತು. ಅದಕ್ಕೆ ಮೊಬೈಲ್ ನಂಬರಿನ ಜೊತೆ ಏಳಂಕಿಯ ಇನ್ನೊಂದು ಸಂಖ್ಯೆ ಬೇಕಿತ್ತು. ಯಾರಿಗೆ ನೆನಪಿರುತ್ತದೆ? 2016ರ ಏಪ್ರಿಲ್ 11ರಂದು ಮುಂಬಯಿಯಲ್ಲಿ ರಘುರಾಮ ರಾಜನ್ ಯುಪಿಐಗೆ ಚಾಲನೆ ಕೊಟ್ಟರು. ಅದನ್ನು ಕಟ್ಟಿದ ರಾಷ್ಟ್ರೀಯ ಪಾವತಿ ನಿಗಮಕ್ಕೆ ಸಲಹೆಗಾರರಾಗಿದ್ದವರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ. ಅದೇ ವರ್ಷದ ನವೆಂಬರಿನಲ್ಲಿ ನೋಟುಗಳು ರದ್ದಾದವು, ಡಿಸೆಂಬರ್ ಕೊನೆಗೆ ಭೀಮ್ ಆ್ಯಪ್ ಬಂತು.

ಇದರಲ್ಲಿರುವ ಜಾಣತನ ಚಿಕ್ಕದು, ಆದರೆ ಗಟ್ಟಿ. ಒಂದು ಹೆಸರು, ನಡುವೆ ಸುರುಳಿಯಂಥ ಅಟ್ ಚಿಹ್ನೆ, ಆಮೇಲೆ ಒಂದು ಚಿಕ್ಕ ಬಾಲ. ಹಣ ಕಳಿಸುವವರಿಗೆ ನಮ್ಮ ಖಾತೆ ಸಂಖ್ಯೆಯಾಗಲಿ ಶಾಖೆಯಾಗಲಿ ಗೊತ್ತಾಗಬೇಕಿಲ್ಲ. ಆ ಹೆಸರಿನ ಹಿಂದೆ ಯಾವ ಖಾತೆ ಇದೆಯೆಂದು ಹುಡುಕುವುದು ಯಂತ್ರದ ಕೆಲಸ. ಕಳಿಸುವ ಮುಂಚೆಯೇ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಆಗ ಇದು ಇದ್ದಿದ್ದರೆ ನನ್ನ ಹದಿನೆಂಟು ಸಾವಿರ ದಾರಿ ತಪ್ಪುತ್ತಿರಲಿಲ್ಲ. 2025ರಿಂದ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕೆಂದು ನಿಯಮವಾಗಿದೆ.

ಆದರೂ ಮೋಸ ನಿಂತಿಲ್ಲ. ನಮ್ಮ ಪಕ್ಕದ ಮನೆಯವರು ಹಳೆಯ ಸೋಫಾ ಮಾರಲು ಹೊರಟಾಗ ಕೊಳ್ಳುವವನೊಬ್ಬ ಫೋನಿನಲ್ಲೇ ಒಪ್ಪಿ ಕ್ಯೂಆರ್ ಚೌಕ ಕಳಿಸಿದ: "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಮೇಡಂ, ಹಣ ನಿಮಗೆ ಬರುತ್ತದೆ." ಒತ್ತಿದರು. 9,000 ರೂಪಾಯಿ ಹೋಯಿತು. ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಬೇಕಾಗುವುದು ನಮ್ಮ ಖಾತೆಯ ಬಾಗಿಲು ತೆರೆಯಲು. ಇಷ್ಟು ಗೊತ್ತಿದ್ದರೆ ಉಳಿಯುತ್ತಿತ್ತು. 1930ಕ್ಕೆ ಫೋನು ಮಾಡಬೇಕೆಂದು ಹೊಳೆದದ್ದು ಮರುದಿನ. ಗಂಡನಿಗೆ ಹೇಗೆ ಹೇಳಲಿ ಎಂದು ಅಳುತ್ತ ಅಮೂಲ್ಯವಾದ ಮೊದಲ ಗಂಟೆಗಳನ್ನು ಕಳೆದಿದ್ದರು.

ನಮ್ಮ ಬೀದಿಯ ಟೈಲರಮ್ಮನ ಕಥೆ ಬೇರೆ. ಅಂಗಡಿಯ ಗೋಡೆಗೆ ಕ್ಯೂಆರ್ ಅಂಟಿಸಿದ್ದಳು. ಖಾತೆ ಅವಳದೇ, ಆದರೆ ಬ್ಯಾಂಕಿನಲ್ಲಿ ಕೊಟ್ಟಿದ್ದ ಮೊಬೈಲ್ ನಂಬರು ಬೆಂಗಳೂರಿನಲ್ಲಿದ್ದ ಮಗನದು. ಯುಪಿಐ ನಡೆಯುವುದು ಆ ನಂಬರಿನ ಫೋನಿನಲ್ಲೇ ಅಲ್ಲವೇ? ಅವಳು ಬ್ಲೌಸ್ ಹೊಲಿದರೆ ಹಣ ಬಂದ ಸುದ್ದಿ ಮಗನಿಗೆ. "ಬಂತೇನೋ ಮಗ?" ಎಂದು ಅವಳು ಕೇಳಬೇಕು. ಸಂಜೆ ಆತ "ಅಮ್ಮ, ಇವತ್ತು ಆರುನೂರು ಬಂದಿದೆ, ಇನ್ನೂರು ನಾನು ತಗೊಂಡೆ" ಎನ್ನುತ್ತಿದ್ದ. ಕೆಟ್ಟ ಹುಡುಗನೇನಲ್ಲ. ನನಗೆ ಮಾತ್ರ ಅಜ್ಜಿಯ ಜಗಲಿಯೂ ಸಾಕ್ಷಿಯ ಸಹಿಯೂ ನೆನಪಾದವು.

ಹೊಸ ಸಿಮ್ಮು ಕೊಂಡು, ಬ್ಯಾಂಕಿಗೆ ಎರಡು ಸಲ ಅಲೆದು, ತನ್ನ ನಂಬರನ್ನೇ ಖಾತೆಗೆ ಸೇರಿಸಿಕೊಂಡಳು. ಗಿರಾಕಿಗಳಿಗೆ ಆ ನಂಬರನ್ನೇ ವಿಳಾಸವಾಗಿ ಕೊಡಬೇಡವೆಂದು ನಾನೇ ಹೇಳಿದೆ. ನಂಬರು ಸಿಕ್ಕವರು ಹೊತ್ತಲ್ಲದ ಹೊತ್ತಿನಲ್ಲಿ ಮೆಸೇಜು ಕಳಿಸುವುದು ನಮಗೆಲ್ಲ ಗೊತ್ತಿರುವುದೇ. ಆ್ಯಪ್‌ನಲ್ಲಿ ನಂಬರಿಲ್ಲದ ವಿಳಾಸ ಆರಿಸಿಕೊಳ್ಳುವ ಅವಕಾಶವಿತ್ತು.

"ಏನು ಹೆಸರು ಇಡಲಿ ಅಕ್ಕಾ? ಇವರ ಹೆಸರು ಸೇರಿಸಬೇಕಾ?"

"ಬೇಕೇಬೇಕು ಅಂತೇನಿಲ್ಲ."

ಸ್ವಲ್ಪ ಹೊತ್ತು ಯೋಚಿಸಿ ತನ್ನ ಹೆಸರನ್ನೂ ಅಂಗಡಿಯ ಹೆಸರನ್ನೂ ಜೋಡಿಸಿ ಒಂದೊಂದೇ ಅಕ್ಷರ ಒತ್ತಿದಳು. ಸೀರೆಗೆ ಫಾಲ್ ಹೊಲಿದದ್ದಕ್ಕೆ ನಾನು 80 ರೂಪಾಯಿ ಕಳಿಸಿದೆ. ಫೋನು ಟಿಣ್ ಎಂದಿತು. ಅವಳು ಎರಡು ಸಲ ಓದಿ, ಫೋನನ್ನು ಮಿಷಿನ್ನಿನ ಡ್ರಾಯರಿನೊಳಗಿಟ್ಟು ಮುಚ್ಚಿದಳು.