ಮನೆಯಲ್ಲಿರುವ ಪೈಲಟ್‌ಗೆ ಪುಕ್ಕಟೆ ಸಂಬಳವೇ?

‘ಪೈಲಟ್‌ಗಳು ಮನೆಯಲ್ಲಿ ಕೂತೇ ಸಂಬಳ ಎಣಿಸುತ್ತಾರೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ನಿಜವೇನು?

ಮನೆಯಲ್ಲಿದ್ದರೂ ಕರೆ ಬಂದರೆ ಡ್ಯೂಟಿಗೆ ಹೊರಡಲು ಸಿದ್ಧರಿರಬೇಕಾದ ಪಾಳಿಯೇ ‘ಸ್ಟ್ಯಾಂಡ್‌ಬೈ’. ಆಗ ಮದ್ಯ ಮುಟ್ಟುವಂತಿಲ್ಲ, ದೂರ ಹೋಗುವಂತಿಲ್ಲ. ಅದು ರಜೆಯಲ್ಲ.

ಪೈಲಟ್ ಆದಾಯದ ದೊಡ್ಡ ಪಾಲು ಹಾರಿದ ಗಂಟೆಗಳಿಂದ ಬರುತ್ತದೆ. ಕರೆ ಬಾರದಿದ್ದರೆ ಆ ಗಂಟೆಗಳೂ ಇಲ್ಲ. ಅದಕ್ಕೇ ಒಪ್ಪಂದದಲ್ಲಿ ಇಂತಿಷ್ಟು ಗಂಟೆಗಳ ಭತ್ಯೆಗೆ ಖಾತರಿ ಇರುತ್ತದೆ. ಏರ್ ಇಂಡಿಯಾ 2023ರಲ್ಲಿ ಇದನ್ನು ತಿಂಗಳಿಗೆ 20ರಿಂದ 40 ಗಂಟೆಗೆ ಏರಿಸಿತು.

2025ರಲ್ಲಿ ವಾರದ ವಿಶ್ರಾಂತಿ 36ರಿಂದ 48 ಗಂಟೆಯಾಯಿತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು. ರೋಣ, ನರಗುಂದ, ಗಜೇಂದ್ರಗಡದವರಿಗೆ ಹತ್ತಿರದ ಹುಬ್ಬಳ್ಳಿ ನಿಲ್ದಾಣಕ್ಕೂ ಬಿಸಿ ತಟ್ಟಿತು.

ಸುಮ್ಮನೆ ಕೂತಂತೆ ಕಾಣುವ ಪೈಲಟ್ ಇದ್ದರೇ ನಿಮ್ಮ ವಿಮಾನ ಹೊರಡುವುದು. ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.