ನಮ್ಮ ಸೀಮೆಯ ಮನೆಗಳೂ ತೇವದ ಗಾಳಿಯೂ

ಹಾಸನದ ಸೀಮೆಯು ಮಲೆನಾಡು ಮೈದಾನಗಳ ಸಂಧಿಸ್ಥಾನವೆಂಬುದು ಸರ್ವವಿದಿತವಷ್ಟೆ. ಘಟ್ಟದಂಚಿನ ಸಕಲೇಶಪುರದಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರು ಮಳೆಯಾದರೆ, ಚನ್ನರಾಯಪಟ್ಟಣದಲ್ಲಿ ಅದು 700ರ ಆಸುಪಾಸಿನಲ್ಲಿರುವುದು. ಅರಕಲಗೂಡು ಹೇಮಾವತಿ ಕಾವೇರಿಗಳ ನಡುವಣ ನಾಡು. ಹೊಳೆನರಸೀಪುರವು ಹೇಮಾವತಿಯ ತೀರದಲ್ಲಿಯೇ ಇರುವ ಊರು. ಆದಕಾರಣ ಇಲ್ಲಿಯ ಮನೆಗಳ ಚರಿತ್ರೆಯು ಒಂದು ಬಗೆಯಲ್ಲಿ ತೇವದೊಡನೆ ಮನುಷ್ಯನು ನಡೆಸಿದ ಸೆಣಸಾಟದ ಚರಿತ್ರೆಯೇ ಆಗಿದೆ.

ತೇವಕ್ಕೂ ಶ್ವಾಸಕ್ಕೂ ಇರುವ ಸಂಬಂಧವು ಪ್ರಾಚೀನರಿಗೆ ಅವಿದಿತವಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ತಮಕಶ್ವಾಸವನ್ನು ವಿವರಿಸುವಾಗ, ಮೋಡ, ನೀರು, ಶೀತ, ಮೂಡಣ ಗಾಳಿ ಇವುಗಳಿಂದ ಆ ರೋಗವು ಉಲ್ಬಣಿಸುವುದೆಂದು ತಿಳಿಸುತ್ತದೆ. ರೋಗಿಯು ಮಲಗಿದರೆ ಸಂಕಟಪಡುವನೆಂದೂ, ಎದ್ದು ಕುಳಿತರೆ ಕೊಂಚ ಸುಖವನ್ನು ಹೊಂದುವನೆಂದೂ ಅಲ್ಲಿ ಹೇಳಿದೆ. ಇಂದಿನ ವೈದ್ಯರು ಆಸ್ತಮಾ ಎಂದು ಕರೆಯುವ ವ್ಯಾಧಿಗೆ ಇದು ಅತಿ ಸಮೀಪವಾದುದು.

ಇನ್ನು ಮನೆಗಳ ವಿಚಾರ. ಹಳೆಯ ತೊಟ್ಟಿಮನೆಯಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಮೇಲೆ ನಾಡಹೆಂಚು. ಹೆಂಚುಗಳ ಸಂದಿನಿಂದ ಹೊಗೆಯೂ ಹಬೆಯೂ ಹೊರಬೀಳುತ್ತಿದ್ದುವು. ಬಚ್ಚಲು ಮಲಗುವೆಡೆಗೆ ದೂರವಾಗಿರುತ್ತಿತ್ತು. ಹಬ್ಬಗಳ ಮುಂಚೆ ಗೋಡೆಗೆ ಬಳಿಯುತ್ತಿದ್ದ ಸುಣ್ಣದ ಕ್ಷಾರಗುಣವು ಬೂಷ್ಟನ್ನು ತಡೆಯುತ್ತಿತ್ತು. ಹಾಗೆಂದು ಆ ಮನೆಯು ನಿರ್ದುಷ್ಟವಾಗಿದ್ದಿತೆನ್ನಲಾಗದು. ಮಣ್ಣಿನ ನೆಲವು ಮಳೆಗಾಲದಲ್ಲಿ ಜಿನುಗುತ್ತಿತ್ತು. ಒಲೆಯ ಮುಂದೆ ಕುಳಿತ ಹೆಂಗಸರು ಹೊಗೆಯ ಕಂದಾಯವನ್ನು ತಮ್ಮ ಉಸಿರಿನಿಂದಲೇ ತೆತ್ತರು.

ಮೈದಾನದ ರೈತರಾದರೋ ಒಣನೆಲದಲ್ಲಿ ಹಗೇವು ತೋಡಿ, ತೇವ ಸೋಂಕದಂತೆ ಹುಲ್ಲು ಹೊದಿಸಿ, ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು. ಹಗೇವನ್ನು ತೆರೆದಾಗ ಒಳಗಿನ ಗಾಳಿ ಕೆಟ್ಟಿದೆಯೇ ಎಂದು ದೀಪವನ್ನಿಳಿಸಿ ನೋಡುತ್ತಿದ್ದರು. ಮುಚ್ಚಿದ ಎಡೆಯ ಗಾಳಿಯನ್ನು ನಂಬಬಾರದೆಂಬ ವಿವೇಕವು ಅವರಲ್ಲಿದ್ದಿತು.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದಕ್ಕೊಂದು ಕಚ್ಚಿ ಕೂರುವ ಆ ಹೆಂಚುಗಳು ಕಾಲಕ್ರಮದಲ್ಲಿ ಘಟ್ಟವೇರಿ ಬಂದು ಸೋರುವಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದುವು. ಅನಂತರ ಕಾಂಕ್ರೀಟಿನ ತಾರಸಿ ಬಂದಿತು, ತೊಟ್ಟಿಯು ಮುಚ್ಚಿತು, ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡಿತು. ಅನಿಲದ ಒಲೆಯಿಂದ ಹೊಗೆ ತಪ್ಪಿದುದು ಮಹೋಪಕಾರವೇ ಸರಿ. ಆದರೆ ಒಂದು ಕಿಲೋಗ್ರಾಂ ಅನಿಲವು ಉರಿದರೆ ಸುಮಾರು ಒಂದೂವರೆ ಕಿಲೋಗ್ರಾಂ ನೀರಾವಿಯು ಹುಟ್ಟುವುದೆಂಬುದನ್ನು ಗಮನಿಸುವವರು ವಿರಳ. ಮಳೆಯ ನೀರನ್ನು ಹೊರಗೆ ನಿಲ್ಲಿಸಿದೆವು. ನಾವೇ ಹುಟ್ಟಿಸಿದ ಹಬೆಯನ್ನು ಒಳಗೆ ಕೂಡಿಹಾಕಿದೆವು.

ಇದರ ಫಲವನ್ನು ವಿಜ್ಞಾನವು ಮೆಲ್ಲಮೆಲ್ಲನೆ ಅರಿತಿತು. 1783ರಲ್ಲಿ ಜಿನೀವಾದ ಸೊಸ್ಯೂರ್ ಎಂಬ ಪಂಡಿತನು, ತೇವಕ್ಕೆ ತಲೆಗೂದಲು ಉದ್ದವಾಗುವುದೆಂಬ ಧರ್ಮವನ್ನು ಆಧರಿಸಿ ರಚಿಸಿದ ಆರ್ದ್ರತಾಮಾಪಕವನ್ನು ಪ್ರಕಟಪಡಿಸಿದನು. 1964ರಲ್ಲಿ ಹಾಲೆಂಡಿನ ವೂರ್‌ಹಾರ್ಸ್ಟ್ ಮೊದಲಾದವರು ಮನೆಯ ಧೂಳಿನಿಂದಾಗುವ ಉಬ್ಬಸಕ್ಕೆ ಹಾಸಿಗೆಯಲ್ಲಿ ವಾಸಿಸುವ ಸೂಕ್ಷ್ಮ ನುಸಿಯು ಕಾರಣವೆಂದು ತೋರಿಸಿದರು. ಈ ನುಸಿಯು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುವುದು. ಆರ್ದ್ರತೆಯು ಬಹುಕಾಲ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುವುದು. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗದರ್ಶಿಯಲ್ಲಿ ಸಾರಿದೆ.

ಹಾಗಾದರೆ ಗೃಹಸ್ಥನ ಕರ್ತವ್ಯವೇನು? ಅರಕಲಗೂಡಿನ ಆಷಾಢಕ್ಕೂ ಚನ್ನರಾಯಪಟ್ಟಣದ ಚೈತ್ರಕ್ಕೂ ಒಂದೇ ನಿಯಮವು ಸಲ್ಲದು. ಅತಿಯಾಗಿ ಒಣಗಿದ ಗಾಳಿಯೂ ಮೂಗು ಗಂಟಲುಗಳನ್ನು ಕೆರಳಿಸುವುದು. ಜಡಿಮಳೆಯಲ್ಲಿ ಕಿಟಕಿ ತೆರೆದರೆ ಒಣಗಾಳಿ ಬಾರದು, ಹೊಳವಾದೊಡನೆ ತೆರೆಯಬೇಕು. ಅಡಿಗೆಮನೆ ಬಚ್ಚಲುಗಳ ಹಬೆಗೆ ಹೊರದಾರಿಯಿರಬೇಕು. ಒದ್ದೆಬಟ್ಟೆಯನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಹರವಬಾರದು. ಬೂಷ್ಟು ಕಂಡ ಗೋಡೆಗೆ ಬಣ್ಣ ಬಳಿದು ಮರೆಮಾಡದೆ, ನೀರು ಒಸರುವ ಮೂಲವನ್ನು ಹುಡುಕಿ ಮುಚ್ಚಬೇಕು. ರಾಗಿಯ ಕಾಳಿಗೆ ತೇವ ತಗಲದಂತೆ ಹಿರಿಯರು ವಹಿಸಿದ ಎಚ್ಚರವನ್ನು ನಾವು ಮನೆಯ ಶಿಶುಗಳ ಉಸಿರಿಗಾಗಿ ವಹಿಸದಿದ್ದರೆ, ಭದ್ರವಾದ ಮನೆಯನ್ನು ಕಟ್ಟಿದುದರಿಂದ ಆದ ಲಾಭವೇನು?